ವಿಶ್ರಾಂತಿಯ ಗುಮಾಸ್ತ

ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ಬೇಸಿಗೆಯಲ್ಲಿ ಅತಿ ಹೆಚ್ಚು ದುಡಿಯುವವನು ಹೋಟೆಲಿನ ಮಾಣಿಯಲ್ಲ, ಹಳೆಯ ಬಂದರಿನಿಂದ ಫೀರಾ ಪಟ್ಟಣಕ್ಕೆ ಹತ್ತಿರಹತ್ತಿರ 600 ಮೆಟ್ಟಿಲು ಹತ್ತುವ ಕತ್ತೆಯೂ ಅಲ್ಲ. ‘ಆರಾಮವಾಗಿದ್ದೇನೆ’ ಎಂದು ತೋರಿಸುವ ಫೋಟೊ ತೆಗೆಯಲು ಬಂದ ಪ್ರವಾಸಿ. ಕತ್ತೆಗಾದರೂ ಸರಕಾರವಿದೆ. 100 ಕಿಲೊ ಮೀರಿದ, ಇಲ್ಲವೇ ಅದರ ಮೈತೂಕದ ಐದನೇ ಒಂದು ಪಾಲು ಮೀರಿದ ಭಾರ ಹೇರಕೂಡದೆಂದು 2018ರಲ್ಲಿ ಗ್ರೀಸ್ ನಿಯಮ ಮಾಡಿತು. ಈತನ ಹೆಗಲ ಮೇಲಿನ ಟ್ರೈಪಾಡು, ಲೆನ್ಸು, ಪವರ್ ಬ್ಯಾಂಕು, ಹೆಂಡತಿಯ ಬದಲಿ ಉಡುಪು ಇವಕ್ಕೆ ಯಾವ ಮಿತಿಯೂ ಇಲ್ಲ.

ಇಂಥವನನ್ನು ಜಂಬದವನೆಂದು ಬೈಯುವುದು ವಾಡಿಕೆ. ಅದು ಅನ್ಯಾಯ. ಜಂಬದವನಿಗೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು? ಈತ ಹುಟ್ಟಾ ಗುಮಾಸ್ತ. ರಜೆಗೂ ಲೆಕ್ಕ ಬರೆದಿಡದೆ ಇರಲಾರ. ದಿನಚರಿ ನೋಡಿ. ಈಯಾ ಊರಿನ ಬಿಳಿ ಓಣಿಗಳು ಖಾಲಿಯಾಗಿ ಸಿಗಲೆಂದು ಸೂರ್ಯನಿಗಿಂತ ಮೊದಲೇ ಏಳುತ್ತಾನೆ. ಅಲ್ಲಿ ಆಗಲೇ ಖಾಲಿ ಓಣಿ ಬೇಕೆಂದು ಬಂದವರ ಗುಂಪು ನೆರೆದಿರುತ್ತದೆ. ಏಕಾಂತಕ್ಕೆ ಎಲ್ಲರೂ ಸಾಲಿನಲ್ಲಿ ನಿಲ್ಲಬೇಕು. ನೀಲಿ ಗುಮ್ಮಟದ ಮುಂದೆ ಬಾಡಿಗೆಗೆ ತಂದ ಉದ್ದ ಸೆರಗಿನ ಗೌನು ಗಾಳಿಗೆ ಹಾರಬೇಕು. ಬೇಸಿಗೆಯ ಮೆಲ್ಟೆಮಿ ಗಾಳಿ ಬೀಸುವುದು ಉತ್ತರದಿಂದ. ಫೋಟೊಗೆ ಬೇಕಾದ ದಿಕ್ಕು ಯಾವಾಗಲೂ ಬೇರೆ. ಹೀಗಾಗಿ ಒಬ್ಬರು ಸೆರಗಿನ ತುದಿ ಹಿಡಿದು ಓಡಿ, ಎಸೆದು, ಚಿತ್ರದಿಂದ ಆಚೆ ಹಾರಿಕೊಳ್ಳಬೇಕು. ಮಧ್ಯಾಹ್ನ ಈಜುಕೊಳದ ಬಳಿ ಚಾಚಿದ ಕಾಲುಗಳ ಚಿತ್ರ, ಹೊಟ್ಟೆಯ ಮೇಲೆ ಬೋರಲು ಮಲಗಿಸಿದ ಪುಸ್ತಕ. ವಾರ ಕಳೆದರೂ ಪುಟ ತಿರುಗಿರುವುದಿಲ್ಲ. ಜುಲೈ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಯ ಹೊತ್ತಿಗೆ. ಈತ ಹಳೆಯ ಕೋಟೆಯ ಅವಶೇಷದ ಮೇಲೆ ಜಾಗ ಹಿಡಿಯುವುದು ಇಳಿಬಿಸಿಲಿಗೂ ಮೊದಲು. ಸೂರ್ಯ ಮುಳುಗಿದಾಗ ಜನ ಚಪ್ಪಾಳೆ ತಟ್ಟುತ್ತಾರೆ. ಈತ ತಟ್ಟುವುದಿಲ್ಲ, ಎರಡೂ ಕೈ ಕೆಲಸದಲ್ಲಿವೆ.

‘ಆದರೆ ಅವನಿಗೆ ಅದೇ ಖುಷಿಯಲ್ಲವೇ?’ ಎನ್ನಬಹುದು. ಹೌದು. ಫೋಟೊ ತೆಗೆಯುವುದು ಅನೇಕ ಅನುಭವಗಳ ಖುಷಿಯನ್ನು ಹೆಚ್ಚಿಸುತ್ತದೆಂದು ಸಂಶೋಧಕಿ ಕ್ರಿಸ್ಟಿನ್ ಡೀಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಯೋಗಗಳಿಂದ ತೋರಿಸಿದ್ದಾರೆ. ಆದರೆ ಅದೇ ತಂಡದ ಮುಂದಿನ ಅಧ್ಯಯನ, ಜಾಲತಾಣದಲ್ಲಿ ಹಂಚಲೆಂದೇ ತೆಗೆದಾಗ ಆ ಖುಷಿ ತಗ್ಗುತ್ತದೆ ಎನ್ನುತ್ತದೆ. ಅದಿರಲಿ, ಖುಷಿ ಇದ್ದ ಮಾತ್ರಕ್ಕೆ ವಿಶ್ರಾಂತಿ ಇದ್ದಂತಾಯಿತೇ? ಮದುವೆಮನೆಯಲ್ಲಿ ಪಂಕ್ತಿಗೆ ಬಡಿಸಿ ಬೆವರುವವನಿಗೂ ಖುಷಿಯಿದೆ. ಅವನು ದಣಿವಾರಿಸಿಕೊಳ್ಳುತ್ತಿದ್ದಾನೆಂದು ಯಾರೂ ಹೇಳುವುದಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಚಿತ್ರಕ್ಕೆ ನಿಲ್ಲುವ ಚಟ ಮನುಷ್ಯನಷ್ಟೇ ಹಳೆಯದು. ಇದೇ ದ್ವೀಪದ ಅಕ್ರೋಟಿರಿ, ಸುಮಾರು 3600 ವರ್ಷದ ಹಿಂದೆ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಊರು. 1967ರಲ್ಲಿ ಶುರುವಾದ ಉತ್ಖನನದಿಂದ ಬೆಳಕಿಗೆ ಬಂದ ಅದರ ಗೋಡೆಚಿತ್ರಗಳಲ್ಲಿ, ಎರಡೂ ಕೈಯಲ್ಲಿ ಮೀನಿನ ಗೊಂಚಲು ಎತ್ತಿ ಹಿಡಿದು ನಿಂತ ಹುಡುಗನೊಬ್ಬನಿದ್ದಾನೆ. ಒಪ್ಪಿದೆ, ಹುಡುಗನ ನಿಲುವು ಇಂದಿನ ಪ್ರವಾಸಿಯದೇ. ಆದರೆ ಅವನ ಕೈಯಲ್ಲಿ ಮೀನಿದೆ, ಕೆಲಸ ಮುಗಿದಿದೆ. ಬಣ್ಣ ಬಳಿಯುವ ಪಾಡು ಬೇರೆಯವನದು. ನಮ್ಮ ಗುಮಾಸ್ತ ತನ್ನ ವಿಶ್ರಾಂತಿಗೆ ತಾನೇ ಮೀನು, ತಾನೇ ಬೆಸ್ತ, ತಾನೇ ಚಿತ್ರಗಾರ.

ಕೆಲಸವಿಲ್ಲದೆ ಚಡಪಡಿಸುವವರಿಗೆ ಕ್ಯಾಮೆರಾ ರಜೆಯಲ್ಲೂ ಕೆಲಸದಂಥದ್ದನ್ನು ಒದಗಿಸುತ್ತದೆಂದು ಲೇಖಕಿ ಸೂಸನ್ ಸಾಂಟಾಗ್ ಫೋಟೊಗ್ರಫಿ ಕುರಿತ ತಮ್ಮ 1977ರ ಪುಸ್ತಕದಲ್ಲೇ ಗುರುತಿಸಿದ್ದರು. ಆ ಕಾಲದ ಕೆಲಸಕ್ಕೆ ಕೊನೆಯಾದರೂ ಇತ್ತು: ರೀಲಿನ 36 ಚಿತ್ರ ಮುಗಿದರೆ ಬೇಡವೆಂದರೂ ಸಮುದ್ರ ನೋಡಬೇಕಾಗುತ್ತಿತ್ತು. ಈಗ ಅಂಥ ಬಿಡುವು ಬರುವುದು ‘ಮೆಮೊರಿ ಫುಲ್’ ಎಂದು ಮೊಬೈಲು ಮುಷ್ಕರ ಹೂಡಿದಾಗ ಮಾತ್ರ. ಅದೂ ದಕ್ಕುವುದಿಲ್ಲ. ಈ ವರ್ಷದ ವಿಶ್ರಾಂತಿಗೆ ಜಾಗ ಮಾಡಲು ಹೋದ ವರ್ಷದ ವಿಶ್ರಾಂತಿಯನ್ನು ಒಂದೊಂದಾಗಿ ಅಳಿಸುತ್ತ ಒರಗುಕುರ್ಚಿಯಲ್ಲಿ ಬೆನ್ನು ಬಗ್ಗಿಸಿ ಕೂರುತ್ತಾನೆ. ಅಷ್ಟರಲ್ಲಿ ಹೆಂಡತಿ ತನ್ನ ಮೊಬೈಲು ಎತ್ತಿ, “ಹಾಗೇ ಇರಿ, ಅಲ್ಲಾಡಬೇಡಿ, ಎಷ್ಟು ಆರಾಮವಾಗಿ ಕಾಣ್ತಿದ್ದೀರಿ” ಎನ್ನುತ್ತಾಳೆ.