ಟಕ್ ಅಂದಮೇಲೆ

ನನ್ನ ಹೆಂಡತಿಯ ಮೂಗು ಬಲು ಚುರುಕು. ಮೂರನೆಯ ಮನೆಯಲ್ಲಿ ಹಾಲು ತಳ ಹಿಡಿದರೆ ನಮ್ಮ ಮನೆಯಲ್ಲಿ ಸುದ್ದಿಯಾಗುತ್ತದೆ. ಹಡಗಲಿಯ ನೆಂಟರ ಮನೆಯಿಂದ ಹೊರಟು, ಎರಡು ಮಾರು ಮಲ್ಲಿಗೆ ಮುಡಿದು, ಕಾರಿನಲ್ಲಿ ಕೂತ ಮೇಲೂ ಅವಳು ‘ಪೆಟ್ರೋಲ್ ವಾಸನೆ ಬರ್ತಿದೆ’ ಅಂದಾಗ ನಾನು ನಂಬಬೇಕಿತ್ತು. ಹಡಗಲಿ ಮಲ್ಲಿಗೆಯನ್ನು ಸೀಳಿಕೊಂಡು ಬರುವ ವಾಸನೆ ಅಂದರೆ ಸಾಮಾನ್ಯದ್ದಲ್ಲ. ನಾನೋ, ‘ಪೆಟ್ರೋಲ್ ಕಾರಿನಲ್ಲಿ ಪೆಟ್ರೋಲ್ ವಾಸನೆ ಬರದೆ ಸೀಮೆಎಣ್ಣೆ ವಾಸನೆ ಬರುತ್ತಾ?’ ಅಂದೆ. ನನ್ನ ಮಾತಿಗೆ ನಾನೊಬ್ಬನೇ ನಕ್ಕೆ.

ಅಷ್ಟರಲ್ಲಾಗಲೇ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಎಂಜಿನ್ ಆಕಾರದ ಹಳದಿ ದೀಪ ಮತ್ತೆ ಹತ್ತಿಕೊಂಡಿತ್ತು. ‘ಮತ್ತೆ’ ಅಂದದ್ದು ಯಾಕೆಂದರೆ, ತಿಂಗಳ ಹಿಂದೆ ಒಂದು ಷೋರೂಮಿನವರು ಅದನ್ನು ಆರಿಸಿ ಕಳಿಸಿದ್ದರು. ಕಂಪ್ಯೂಟರ್ ಹಚ್ಚಿ ನೋಡಿದಾಗ ‘ಪಿ 0172’ ಎಂದು ಬಂದಿತ್ತು. ಮಿಶ್ರಣದಲ್ಲಿ ಗಾಳಿಯ ಅಳತೆಗೆ ಪೆಟ್ರೋಲು ಜಾಸ್ತಿಯಾಗಿದೆ ಎಂದು ಅದರ ಅರ್ಥ. ಯಾಕೆ ಜಾಸ್ತಿಯಾಗಿದೆ ಎಂಬುದನ್ನು ಅದು ಹೇಳುವುದಿಲ್ಲ.

ಮೈಲಾರದ ಕಾರ್ಣಿಕ ಕೇಳಿದವರಿಗೆ ಈ ಸಂಕಟ ಗೊತ್ತು. ಉಪವಾಸವಿದ್ದ ಗೊರವಯ್ಯ ಡೆಂಕಣ ಮರಡಿಯಲ್ಲಿ ಬಿಲ್ಲನ್ನೇರುತ್ತಾನೆ, ‘ಸದ್ದಲೇ’ ಎಂದು ಅಷ್ಟೂ ಜನರ ಬಾಯಿ ಮುಚ್ಚಿಸುತ್ತಾನೆ, ಒಂದೇ ಒಂದು ಮಾತು ನುಡಿದು ಕೆಳಕ್ಕೆ ಬೀಳುತ್ತಾನೆ. ಅರ್ಥ ಹಚ್ಚುವ ಕೆಲಸ ನಮಗೆ ಬಿಟ್ಟದ್ದು. ರೈತನಿಗೆ ಅದರಲ್ಲಿ ಮಳೆ ಕಾಣುತ್ತದೆ, ರಾಜಕಾರಣಿಗೆ ಕುರ್ಚಿ ಕಾಣುತ್ತದೆ. ಷೋರೂಮಿನವರಿಗೆ ಆಕ್ಸಿಜನ್ ಸೆನ್ಸರ್ ಕಂಡಿತು. ಅದನ್ನು ಬದಲಾಯಿಸಿದರು. ನಾನೂ ದುಡ್ಡು ಕೊಟ್ಟು, ದೀಪ ಆರಿದ್ದನ್ನೇ ರೋಗ ವಾಸಿಯಾದದ್ದೆಂದು ತಿಳಿದು ಮನೆಗೆ ಬಂದಿದ್ದೆ.

ಆ ದಿನ ಕೊಟ್ಟೂರಿನಲ್ಲಿ ಟ್ಯಾಂಕು ತುಂಬಿಸಿ, ಉಜ್ಜಿನಿ ಹಾದು, ಕಾನಹೊಸಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಹಿಂದೆ 13 ಎನ್ನುತ್ತಿದ್ದ, ಈಗ 50 ಆಗಿರುವ ಹೆದ್ದಾರಿಯ ಊರು. ಒಂದು ಕಡೆ ಚಿತ್ರದುರ್ಗ, ಇನ್ನೊಂದು ಕಡೆ ಕೂಡ್ಲಿಗಿ, ಹೊಸಪೇಟೆ. ಏಪ್ರಿಲ್ ತಿಂಗಳ ಮಧ್ಯಾಹ್ನ. ನೆರಳು ಕೂಡ ನೆರಳು ಹುಡುಕುವ ಹೊತ್ತು. ಚಹಾ ಕುಡಿದು ಬಂದು ಕೀಲಿ ತಿರುವಿದರೆ ಕಾರು ಕೆಮ್ಮುತ್ತದೆಯೇ ಹೊರತು ಏಳುವುದಿಲ್ಲ.

ಪಕ್ಕದ ಗ್ಯಾರೇಜಿನ ಹುಡುಗ ಬಂದ. ಬಾನೆಟ್ ಎತ್ತುತ್ತಾನೆಂದು ನಾನು ಕಾದರೆ, ಅವನು ಕೈ ಒರೆಸಿಕೊಳ್ಳುತ್ತಾ ಕೇಳಿದ್ದು ಒಂದೇ ಪ್ರಶ್ನೆ: ‘ಇದು ಯಾವಾಗ ಹಿಂಗ ಮಾಡ್ತೈತ್ರಿ? ದಿನಾ ಮಾಡ್ತೈತೋ, ಇಲ್ಲಾ ಪೆಟ್ರೋಲ್ ಹಾಕಿಸಿದ ಮ್ಯಾಲ ಅಷ್ಟ ಮಾಡ್ತೈತೋ?’

ನಾನು ಯೋಚಿಸುತ್ತಿರುವಾಗಲೇ ಹಿಂದಿನ ಸೀಟಿನಿಂದ ಉತ್ತರ ಬಂತು: ‘ಹಾಕಿಸಿದ ಮೇಲೆ ಮಾತ್ರ.’ ನನ್ನ ಕಾರಿನ ಚರಿತ್ರೆ ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಯಾಕೋ, ನನ್ನ ಬಿ.ಪಿ.ಯ ಚರಿತ್ರೆಯೂ ಹಾಗೆಯೇ.

ಪೆಟ್ರೋಲು ಸುಮ್ಮನೆ ಬಿದ್ದಿರುವ ಜಾತಿಯದಲ್ಲ. ಬಿಸಿಲು ತಾಗಿದರೆ ಸಾಕು, ಟ್ಯಾಂಕಿನೊಳಗೇ ಆವಿಯಾಗಿ ಏಳುತ್ತದೆ. ಆ ಆವಿಯನ್ನು ಊರಿನ ಗಾಳಿಗೆ ಬಿಟ್ಟರೆ ಹೊಗೆಯಷ್ಟೇ ಕೆಡುಕು. ಅದಕ್ಕಾಗಿ ಕಾರಿನಲ್ಲಿ ಇದ್ದಿಲಿನ ಒಂದು ಡಬ್ಬಿ ಇರುತ್ತದೆ. ಆವಿ ಪೈಪು ಹಿಡಿದು ಬಂದು ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಅಂಥ ಒಂದೇ ಗ್ರಾಂ ಇದ್ದಿಲಿನೊಳಗಿನ ಸೂಕ್ಷ್ಮ ರಂಧ್ರಗಳನ್ನೆಲ್ಲ ಬಿಚ್ಚಿ ಹಾಸಿದರೆ ಸಾವಿರ ಚದರ ಮೀಟರು ದಾಟಬಲ್ಲದು. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಜಮೀನು, ಪಹಣಿ ಇಲ್ಲದ್ದು. ಕಾರು ಓಡುವಾಗ ಪರ್ಜ್ ವಾಲ್ವ್ ಎಂಬ ಹೆಬ್ಬೆರಳು ಗಾತ್ರದ ಬಾಗಿಲು ಆಗಾಗ ತೆರೆದು, ಎಂಜಿನ್ನು ಆ ಆವಿಯನ್ನು ಎಳೆದುಕೊಂಡು ಉರಿಸುತ್ತದೆ. ಹಾಳಾಗಿ ಹೋಗಬೇಕಿದ್ದದ್ದು ಹೊಟ್ಟೆಗೇ ಹೋಗುತ್ತದೆ. ನಿನ್ನೆಯ ಅನ್ನವನ್ನು ಚಿತ್ರಾನ್ನ ಮಾಡುವವರಿಗೆ ಈ ತತ್ವವನ್ನು ಬಿಡಿಸಿ ಹೇಳಬೇಕಿಲ್ಲ.

ಹುಡುಗ ಆಕ್ಸಿಲರೇಟರನ್ನು ತಳಕ್ಕೆ ಒತ್ತಿ ಹಿಡಿದು ಕೀಲಿ ತಿರುವಿದ. ಕಾರು ಎದ್ದಿತು. ಆಮೇಲೆ ಬಾನೆಟ್ ತೆರೆದು ಆ ವಾಲ್ವಿನ ವೈರಿನ ಸಾಕೆಟ್ ಕಿತ್ತ. ‘ಕರೆಂಟ್ ಇಲ್ಲಂದ್ರ ಇದು ಬಾಯಿ ಮುಚ್ಚಿಕೊಂಡಿರಬೇಕ್ರಿ’ ಎನ್ನುತ್ತಾ ಡಬ್ಬಿಯಿಂದ ಬರುವ ಪೈಪು ಬಿಚ್ಚಿ, ವಾಲ್ವಿನ ಬಾಯಿಗೆ ನನ್ನ ಬೆರಳು ಹಿಡಿಸಿದ. ಎಳೆಗರು ಬೆರಳು ಚೀಪಿದ ಹಾಗೆ ಎಳೆಯಿತು. ಬಾಗಿಲು ಮುಚ್ಚುತ್ತಲೇ ಇರಲಿಲ್ಲ. ತುಂಬಿದ ಟ್ಯಾಂಕಿನ ಆವಿಯೆಲ್ಲ ಹೊತ್ತುಗೊತ್ತಿಲ್ಲದೆ ಎಂಜಿನ್ನಿಗೆ ನುಗ್ಗುತ್ತಿತ್ತು. ಪಾಪ, ಸೆನ್ಸರು ಇದ್ದದ್ದನ್ನು ಇದ್ದಂತೆ ಹೇಳಿತ್ತು. ನಾವು ಚಾಡಿಕೋರನೆಂದು ಅದನ್ನೇ ಕಿತ್ತು ಎಸೆದಿದ್ದೆವು.

ಅಷ್ಟರಲ್ಲಿ ಚಹಾದಂಗಡಿಯಿಂದ ನಾಲ್ಕು ಜನ ಬಂದು ಸೇರಿದ್ದರು. ನಿಂತ ಕಾರಿನ ಸುತ್ತ ನಾಲ್ಕು ಜನ ಸೇರದಿದ್ದರೆ ಅದು ನಮ್ಮ ಸೀಮೆಯೇ ಅಲ್ಲ. ಹಿರಿಯರೊಬ್ಬರು, ಪೈಪಿನಲ್ಲೂ ಎಲ್ಲಾದರೂ ಲೀಕು ಇರಬಹುದು, ಊದಿನಕಡ್ಡಿ ಹಚ್ಚಿ ಹಿಡಿದರೆ ಹೊಗೆ ಅಲುಗಾಡಿ ತೋರಿಸುತ್ತದೆ ಎಂದರು. ಹುಡುಗ ತಲೆಯೆತ್ತದೆ, ‘ಯಜ್ಜಾ, ಆಮ್ಯಾಲ ಲೀಕೂ ಸಿಗಂಗಿಲ್ಲ, ನಾವೂ ಸಿಗಂಗಿಲ್ಲ’ ಅಂದ. ದೊಡ್ಡ ಊರುಗಳಲ್ಲಿ ಹೊಗೆಯನ್ನು ಮೆಲ್ಲಗೆ ಪೈಪಿನೊಳಗೆ ಊದಿ, ಎಲ್ಲಿಂದ ಹೊರಬರುತ್ತದೆಂದು ನೋಡುವ ಯಂತ್ರ ಉಂಟು. ಬೆಂಕಿಯೊಂದನ್ನು ಬಿಟ್ಟರೆ ಅಜ್ಜನ ಉಪಾಯ ಅದೇ. ಇಲ್ಲಿ ಸಾಬೂನಿನ ನೊರೆ ಬಂತು. ಮೊದಲು ಟ್ಯಾಂಕಿನ ಮುಚ್ಚಳದ ರಬ್ಬರು, ಆಮೇಲೆ ಪೈಪಿನ ಕೀಲುಗಳು: ದುಡ್ಡು ಖರ್ಚಾಗದ ಜಾಗದಿಂದ ಶುರುಮಾಡುವುದು ಅವನ ಶಾಸ್ತ್ರ. ಎಲ್ಲೂ ಗುಳ್ಳೆ ಏಳಲಿಲ್ಲ.

ಅಮೆರಿಕದಲ್ಲಾದರೆ ಈ ಪೈಪುಗಳಲ್ಲಿ ಅರ್ಧ ಮಿಲಿಮೀಟರಿನ ತೂತು ಬಿದ್ದರೂ ಕಾರೇ ಕಂಡುಹಿಡಿದು ದೀಪ ಹಚ್ಚಬೇಕೆಂಬ ಕಾನೂನಿದೆ. ನಮ್ಮದು ಯುರೋಪಿನ ದಾರಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಭಾರತ್ ಸ್ಟೇಜ್) ನಿಯಮದಲ್ಲೂ, ಹೊಸ ಮಾದರಿಯ ಕಾರನ್ನು ಬಿಗಿ ಮುಚ್ಚಿದ ಕೋಣೆಯಲ್ಲಿ ನಿಲ್ಲಿಸಿ ಅಳೆದಾಗ ಸೋರಿದ ಆವಿ 2 ಗ್ರಾಂ ಮೀರಬಾರದು. ರಸ್ತೆಗಿಳಿದ ಮೇಲೆ ವಾಲ್ವಿನ ವೈರು ಸರಿಯಿದೆಯೇ ಎಂದು ಕಾರು ನೋಡಿಕೊಂಡರೆ ಕಾನೂನಿಗೆ ಸಾಕು. ಉಳಿದ ತಪಾಸಣೆ ಹೆಂಡತಿಯ ಮೂಗಿಗೆ ಬಿಟ್ಟದ್ದು.

ಹುಡುಗ ವಾಲ್ವ್ ಬಿಚ್ಚಿ ಹಳೆಯ ಪೇಪರಿನ ಮೇಲೆ ಕುಟ್ಟಿದ. ಎರಡು ಕರಿ ಕಾಳು ಉದುರಿದವು, ಸಾಸಿವೆಗಿಂತ ಸಣ್ಣವು. ಹುಡುಗ ಅವನ್ನೂ ನನ್ನನ್ನೂ ಒಮ್ಮೆ ನೋಡಿದ. ‘ಸರ, ಬಂಕಿನ್ಯಾಗ ಟಕ್ ಅಂದಮ್ಯಾಲೂ ಹಾಕಿಸ್ತೀರೇನ್ರಿ?’

ಹಾಕಿಸುತ್ತೇನೆ. ನಳಿಗೆ ಟಕ್ ಎಂದು ತಾನಾಗಿ ನಿಂತಾಗ ಮೀಟರು 1,940 ತೋರಿಸುತ್ತದೆ. ಬಂಕಿನವನು ‘ರೌಂಡ್ ಮಾಡ್ಲಾ ಸಾರ್?’ ಎನ್ನುತ್ತಾನೆ. ನಾನು ಉದಾರವಾಗಿ ತಲೆಯಾಡಿಸುತ್ತೇನೆ. ಫೋನಿನಲ್ಲಿ ದುಡ್ಡು ಕಳಿಸುವ ಈ ಕಾಲದಲ್ಲಿ 1,940ಕ್ಕೂ 2,000ಕ್ಕೂ ಚಿಲ್ಲರೆಯ ತಕರಾರೇ ಇಲ್ಲ. ಆದರೂ ರೌಂಡ್ ಆಗದಿದ್ದರೆ ನಮಗೆ ಸಮಾಧಾನವಿಲ್ಲ. ಆ ಅರವತ್ತು ರೂಪಾಯಿಯ ಪೆಟ್ರೋಲು ಹೋಗುವುದು ಆವಿ ಆಡಲೆಂದು ಟ್ಯಾಂಕಿನಲ್ಲಿ ಬಿಟ್ಟ ಜಾಗಕ್ಕೆ. ಅಲ್ಲಿಂದ ಉಕ್ಕಿ, ಆವಿಯ ದಾರಿಯಲ್ಲಿ ಪೆಟ್ರೋಲೇ ಹರಿದು ಇದ್ದಿಲಿನ ಡಬ್ಬಿ ತೊಯ್ಯುತ್ತದೆ. ತೊಯ್ದು ತೊಯ್ದು ಇದ್ದಿಲು ಪುಡಿಯಾಗುತ್ತದೆ, ಪುಡಿ ಬಂದು ವಾಲ್ವಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂದವರು ಕಾರು ಕಂಡವರಲ್ಲ.

‘ಈಗ ವಾಲ್ವ್ ಹಾಕ್ತೀನ್ರಿ. ಮುಂದ ಡಬ್ಬಿನೂ ಹಾಕಿಸ್ರಿ. ರೌಂಡ್ ಮಾಡೋದು ಬಿಡದಿದ್ರ ಹೊಸಾದೂ ಹೋಗ್ತೈತಿ’ ಎಂದು ಹುಡುಗ ಹೊಸಪೇಟೆಗೆ ಫೋನು ಹಚ್ಚಿದ. ವಾಲ್ವ್ ಬಸ್ಸಿನಲ್ಲಿ, ಕಂಡಕ್ಟರ್ ಕೈಲಿ ಬರಬೇಕು. ಎರಡು ಗಂಟೆ. ನಮ್ಮ ಸೀಮೆಯಲ್ಲಿ ಎರಡು ಗಂಟೆ ಕಾಯುವುದಕ್ಕೆ ಒಗ್ಗರಣೆ ಮಂಡಕ್ಕಿ ಎಂದು ಹೆಸರು. ಹೋಟೆಲಿನಲ್ಲಿ ಕೂತಾಗ ಹೆಂಡತಿ ಮುಡಿಯ ಮಲ್ಲಿಗೆ ತೆಗೆದು, ಒದ್ದೆ ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗಿಟ್ಟಳು. ಪರಿಮಳ ಅಂದರೂ ಆವಿಯೇ ತಾನೆ, ಹಿಡಿದಿಡದಿದ್ದರೆ ಸಂಜೆಗೆ ಖಾಲಿ. ಇವಳಿಗೆ ಇದನ್ನು ಯಾವ ಭಾರತ್ ಸ್ಟೇಜೂ ಹೇಳಿಕೊಟ್ಟಿರಲಿಲ್ಲ.

ನಾನು ಎರಡನೆಯ ತಟ್ಟೆ ಮುಗಿಸಿ ಮೂರನೆಯ ಮಿರ್ಚಿಗೆ ಕೈ ಚಾಚಿದ್ದೆ. ಸಪ್ಲೈಯರ್ ಇನ್ನೊಂದು ಹಿಡಿದು ನಿಂತು, ‘ನಾಕು ಮಾಡ್ಲಾ ಸರ?’ ಅಂದ. ಆ ಧಾಟಿ ಎಲ್ಲೋ ಕೇಳಿದಂತಿತ್ತು. ನಾನು ತಲೆಯಾಡಿಸುವಷ್ಟರಲ್ಲಿ ಎದುರಿಗಿದ್ದವಳು ಚಹಾದ ಲೋಟವನ್ನು ಟೇಬಲ್ಲಿಗೆ ಕುಟ್ಟಿದಳು.

‘ಟಕ್.’