ಬಿಡುವಾದಾಗ ನೋಡಿ ಡಾಕ್ಟ್ರೇ

ಡಾಕ್ಟರ ಎದುರಿನ ಸ್ಟೂಲಿನ ಮೇಲೆ ಕೂತ ಕೂಡಲೇ ಮನುಷ್ಯನಿಗೆ ಮರೆತುಹೋಗುವುದು ಅವನ ಕಾಯಿಲೆಯೇ. ಮನೆಯಲ್ಲಿ ಹೆಂಡತಿಯ ಮುಂದೆ ದಿನಾ ಪಾರಾಯಣ ಮಾಡಿದ, ಟೋಕನ್ ಹಿಡಿದು ಕಾಯುವಾಗ ಪಕ್ಕದ ಅಪರಿಚಿತರಿಗೂ ಒಪ್ಪಿಸಿದ ಸೊಂಟನೋವು, ‘ಏನಾಗ್ತಿದೆ ಹೇಳಿ’ ಎಂದೊಡನೆ ‘ಏನಿಲ್ಲ ಡಾಕ್ಟ್ರೇ, ಸ್ವಲ್ಪ ಸುಸ್ತು ಅಷ್ಟೆ’ ಎಂದಾಗಿಬಿಡುತ್ತದೆ. ಅವರು ಬಿ.ಪಿ. ನೋಡಿ, ನಾಲಿಗೆ ನೋಡಿ, ಚೀಟಿ ಬರೆದು, ಮುಂದಿನವರನ್ನು ಕರೆಯಲು ಗಂಟೆಯ ಮೇಲೆ ಕೈಯಿಟ್ಟ ಮೇಲೆ, ಬಾಗಿಲ ಪರದೆಯನ್ನು ಅರ್ಧ ಸರಿಸಿ ನಿಂತು, ‘ಅಂದ ಹಾಗೆ ಡಾಕ್ಟ್ರೇ, ಎರಡು ತಿಂಗಳಿಂದ ಎಡಗಣ್ಣು ಮಂಜುಮಂಜು. ಅದೇನೂ ಇಲ್ಲ ಅಲ್ವಾ?’ ಎನ್ನುತ್ತೇವೆ. ತಮ್ಮ ನಿಜವಾದ ಪ್ರಾಕ್ಟೀಸು ನಡೆಯುವುದು ಕುರ್ಚಿಯಲ್ಲಲ್ಲ, ಆ ಪರದೆಯ ಹತ್ತಿರ ಎಂದು ನಮ್ಮ ಬಡಾವಣೆಯ ಡಾಕ್ಟರು ಹೇಳುವುದುಂಟು.

ಇದು ಮರೆವಲ್ಲ, ದಾಕ್ಷಿಣ್ಯ. ಹೊರಗೆ ಅಷ್ಟು ಜನ ಕೂತಿದ್ದಾರೆ, ಪಾಪ, ಡಾಕ್ಟರು ಊಟ ಮಾಡಿದರೋ ಇಲ್ಲವೋ, ಇಂಥದ್ದರಲ್ಲಿ ನಮ್ಮ ಕಣ್ಣಿನ ಪುರಾಣ ಬಿಚ್ಚುವುದು ಹೇಗೆ? ಮೈಸೂರಿನ ಕಡೆಯ ನಮ್ಮಂಥವರಿಗಂತೂ ಇದು ಹುಟ್ಟುಗುಣ. ಆದ್ದರಿಂದ ಡಾಕ್ಟರು ತಮ್ಮ ಚೀಟಿಯಲ್ಲಿ ಫೋನ್ ನಂಬರಿನ ಕೆಳಗೆ ಇ-ಮೇಲ್ ವಿಳಾಸವನ್ನೂ ಅಚ್ಚು ಹಾಕಿಸಿದಾಗ ಬಡಾವಣೆಗೆ ಬಡಾವಣೆಯೇ ನೆಮ್ಮದಿಯ ಉಸಿರುಬಿಟ್ಟಿತು. ನಮಗೆ ತೋಚಿದಾಗ ಬರೆಯಬಹುದು, ಅವರಿಗೆ ಬಿಡುವಾದಾಗ ಓದಬಹುದು, ಮಧ್ಯೆ ಪರದೆಯ ಕಾಟವಿಲ್ಲ.

ಕಾಯಿಲೆಯನ್ನು ಕಾಗದದಲ್ಲಿ ತೋಡಿಕೊಳ್ಳುವುದು ಇ-ಮೇಲಿನಿಂದ ಶುರುವಾದದ್ದೇನಲ್ಲ. ಹದಿನೆಂಟನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನಿನಲ್ಲಿದ್ದ ಸಾಮ್ಯುಯೆಲ್ ಟಿಸೊ ಎಂಬ ವೈದ್ಯರಿಗೆ ಯುರೋಪಿನ ನಾನಾ ಕಡೆಯಿಂದ ರೋಗಿಗಳು ಪತ್ರ ಬರೆಯುತ್ತಿದ್ದರು. ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ಜನಸಾಮಾನ್ಯರಿಗಾಗಿ 1761ರಲ್ಲಿ ಅವರು ತಂದ ಆರೋಗ್ಯದ ಪುಸ್ತಕದಲ್ಲಿ ದೂರದ ವೈದ್ಯರಿಗೆ ಬರೆಯುವವರು ಉತ್ತರಿಸಬೇಕಾದ ಪ್ರಶ್ನೆಗಳ ಪಟ್ಟಿಯೇ ಇದೆ. ಪಟ್ಟಿ ಕೊಟ್ಟರೆಂದರೆ ಅದಕ್ಕೆ ಮೊದಲು ಬಂದ ಪತ್ರಗಳು ಹೇಗಿದ್ದಿರಬಹುದೆಂದು ಊಹಿಸಿಕೊಳ್ಳಬಹುದು. ಅದೇ ಕಾಲಕ್ಕೆ ಎಡಿನ್‌ಬರೋದಲ್ಲಿ ವಿಲಿಯಂ ಕಲೆನ್ ಎಂಬ ದೊಡ್ಡ ವೈದ್ಯರು ಕಣ್ಣಾರೆ ಕಾಣದ ಎಷ್ಟೋ ರೋಗಿಗಳಿಗೆ ಪತ್ರದಲ್ಲೇ ಔಷಧಿ ಬರೆದು ಕಳಿಸುತ್ತಿದ್ದರು. ಕಳಿಸಿದ ಉತ್ತರದ ಪ್ರತಿ ತಮ್ಮಲ್ಲೂ ಇರಲೆಂದು 1781ರಿಂದ ಜೇಮ್ಸ್ ವಾಟ್ ಕಂಡುಹಿಡಿದ ನಕಲು ಯಂತ್ರ ಬಳಸಿದರು. ಹೌದು, ಉಗಿಯಂತ್ರದ ವಾಟ್ ಅವರೇ. ‘ಸೆಂಟ್’ ಫೋಲ್ಡರಿಗೂ ಇನ್ನೂರು ವರ್ಷದ ಇತಿಹಾಸವಿದೆ ಎಂದಾಯಿತು.

ನಮ್ಮಲ್ಲಿ ಈ ಕೆಲಸವನ್ನು ವಾರಪತ್ರಿಕೆಗಳ ‘ವೈದ್ಯರನ್ನು ಕೇಳಿ’ ಪುಟಗಳು ನಡೆಸಿಕೊಟ್ಟವು. ಧಾರಾವಾಹಿಗಿಂತ ಮೊದಲು ಓದುತ್ತಿದ್ದುದು ಆ ಪುಟವನ್ನೇ, ಅದೂ ಹಿರಿಯರು ಎದ್ದು ಹೋದ ಮೇಲೆ. ಪ್ರಶ್ನೆಯ ಕೆಳಗೆ ‘ಹೆಸರು ಬೇಡ, ದಾವಣಗೆರೆ’ ಎಂದಿರುತ್ತಿತ್ತು. ದಾವಣಗೆರೆಯ ಆ ಹೆಸರು ಬೇಡದವರು ಮನೆಯ ಡಾಕ್ಟರ ಹತ್ತಿರ ಆ ಮಾತು ಎತ್ತಿರಲಾರರು. ಮೂಲವ್ಯಾಧಿಯಿಂದ ಹಿಡಿದು ಮದುವೆಯ ರಾತ್ರಿಯ ದಿಗಿಲಿನವರೆಗೆ ಎಲ್ಲಕ್ಕೂ ಅಲ್ಲಿ ಉತ್ತರವಿತ್ತು, ಮತ್ತು ಬಹುಪಾಲು ಉತ್ತರಗಳ ಕೊನೆಗೆ ‘ಹತ್ತಿರದ ತಜ್ಞ ವೈದ್ಯರನ್ನು ಕಾಣಿರಿ’ ಎಂದಿರುತ್ತಿತ್ತು. ಕಾಣುವ ಧೈರ್ಯವಿದ್ದಿದ್ದರೆ ಬರೆಯುತ್ತಿದ್ದರೇ!

ಇ-ಮೇಲ್ ಬಂದ ಹೊಸದರಲ್ಲಿ ನಮ್ಮ ಡಾಕ್ಟರಿಗೆ ಬರುತ್ತಿದ್ದ ಪತ್ರಗಳೆಲ್ಲ ಆತ್ಮಚರಿತ್ರೆಗಳೇ. ‘1984ರಲ್ಲಿ ಅರಸೀಕೆರೆಯಲ್ಲಿ ಕೆಲಸದಲ್ಲಿದ್ದಾಗ ನನಗೆ ಟೈಫಾಯಿಡ್ ಆಗಿತ್ತು’ ಎಂದು ಶುರುವಾದದ್ದು ವರ್ಗಾವಣೆ, ಬಡ್ತಿ, ಹಿರಿಯ ಮಗಳ ಮದುವೆ ಎಲ್ಲವನ್ನೂ ದಾಟಿ ಬಲಗಾಲಿನ ಹೆಬ್ಬೆರಳಿನ ಉಗುರಿಗೆ ಬರುವಷ್ಟರಲ್ಲಿ ಮೂರು ಪುಟ. ಅದರ ಕೆಳಗೆ ‘ತಮ್ಮ ವಿಶ್ವಾಸಿ’. ಅದಕ್ಕೂ ಕೆಳಗೆ ‘ವಿ.ಸೂ.: ಈಚೆಗೆ ರಾತ್ರಿ ಐದಾರು ಸಲ ಮೂತ್ರಕ್ಕೆ ಏಳುತ್ತೇನೆ. ಅದು ವಯಸ್ಸಿಗೆ ಸಹಜವೆಂದು ತಿಳಿದಿದ್ದೇನೆ.’ ಬಾಗಿಲ ಪರದೆ ಎಲ್ಲಿಗೂ ಹೋಗಿರಲಿಲ್ಲ, ವಿ.ಸೂ. ಆಗಿ ಕಾಗದದ ಬುಡಕ್ಕೆ ಬಂದು ನಿಂತಿತ್ತು. ಡಾಕ್ಟರು ಈಗ ಮೇಲ್‌ಗಳನ್ನು ಕೆಳಗಿನಿಂದ ಓದಲು ಶುರುಮಾಡುತ್ತಾರೆ. ‘ಕೊರವಂಜಿ’ಯಂಥ ಹಾಸ್ಯ ಪತ್ರಿಕೆಯನ್ನು 1942ರಲ್ಲಿ ಹುಟ್ಟುಹಾಕಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರಾಗಿದ್ದರು ಎಂಬುದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ. ದಿನವಿಡೀ ಇಂಥ ವಿ.ಸೂ.ಗಳನ್ನು ಕೇಳುವವರಿಗೆ ಸರಕಿಗೇನು ಬರ?

ಆತ್ಮಚರಿತ್ರೆಗಿಂತ ಕಷ್ಟದ್ದು ಅಮೆರಿಕದಿಂದ ಬರುವ ಮೇಲ್. ನಮ್ಮ ಬೀದಿಯ ಮನೆಗಳಲ್ಲಿ ಅರ್ಧಕ್ಕರ್ಧ ಇಬ್ಬರೇ ಇರುವ ಮನೆಗಳು, ಮಕ್ಕಳು ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ. ಕಾಯಿಲೆ ಅಮ್ಮನದು, ಪತ್ರ ಮಗನದು. ಒಂದು, ಎರಡು, ಮೂರು ಎಂದು ನಂಬರು ಹಾಕಿದ ಪ್ರಶ್ನೆಗಳು, ಜೊತೆಗೆ ಅಮ್ಮನ ಸಕ್ಕರೆಯ ಎಕ್ಸೆಲ್ ಶೀಟು. ಮಗ ಕಳಿಸಿದ ಗ್ಲುಕೋಮೀಟರಿನಲ್ಲಿ ಅಮ್ಮ ದಿನಾ ಬೆಳಿಗ್ಗೆ ಬೆರಳು ಚುಚ್ಚಿಕೊಂಡು ಫೋಟೋ ತೆಗೆದು ಕಳಿಸಬೇಕು, ಮಗ ಅದನ್ನು ಶೀಟಿಗೆ ತುಂಬಬೇಕು, ಅದು ಡಾಕ್ಟರಿಗೆ ಬರಬೇಕು. ಭೂಮಿಯನ್ನು ಒಂದು ಸುತ್ತು ಹಾಕಿ ಬಂದ ಆ ಶೀಟಿನಲ್ಲಿ ಅಂಕಿಗಳೆಲ್ಲ ಬಹಳ ಒಳ್ಳೆಯವೇ. ಡಾಕ್ಟರು ನೋಡಿದ್ದು ಅಂಕಿಗಳನ್ನಲ್ಲ, ಖಾಲಿ ಬಿಟ್ಟ ಮನೆಗಳನ್ನು. ಯುಗಾದಿಯ ಮರುದಿನ ಖಾಲಿ. ಗೌರಿಹಬ್ಬ, ಗಣೇಶನ ಹಬ್ಬ ಎರಡಕ್ಕೂ ಸೇರಿಸಿ ನಾಲ್ಕು ದಿನ ಖಾಲಿ. ದಸರಾ ಪೂರ್ತಿ ಖಾಲಿ. ಷರಾ ಕಾಲಮ್ಮಿನಲ್ಲಿ ‘ಬ್ಯಾಟರಿ ಇರಲಿಲ್ಲ’. ‘ಹೋಳಿಗೆ ಮಾಡಿದ ದಿನವೇ ಬ್ಯಾಟರಿ ಮುಗಿಯುತ್ತೇನಮ್ಮಾ?’ ಎಂದು ಡಾಕ್ಟರು ಕೇಳಿದಾಗ ಆಕೆ, ‘ಅವನಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ, ಅಷ್ಟು ದೂರದಲ್ಲಿ ಕೂತು ಗಾಬರಿಯಾಗ್ತಾನೆ’ ಎಂದರಂತೆ. ಮಗನ ಮೇಲಿನ ಕೊನೆಯ ಸಾಲೂ ಇದೇ: ಅಮ್ಮನಿಗೆ ಹೇಳಬೇಡಿ, ಅವರು ಚಿಂತೆ ಮಾಡುತ್ತಾರೆ. ರೋಗಿಯ ಗುಟ್ಟು ಕಾಯುವುದು ವೈದ್ಯರ ಧರ್ಮ ಎಂದು ಕಾಲೇಜಿನಲ್ಲಿ ಕಲಿಸುತ್ತಾರೆ. ರೋಗಿಯಿಂದ ರೋಗಿಯ ಗುಟ್ಟನ್ನೇ ಕಾಯುವುದು ಹೇಗೆಂದು ಕಲಿಸಿದ ಹಾಗೆ ಕಾಣುವುದಿಲ್ಲ. ಕೊನೆಗೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯೇ ಎಲ್ಲರ ಗುಟ್ಟನ್ನೂ ಒಟ್ಟಿಗೆ ಹೊರಗೆಡವಿತು. ಅದಕ್ಕೆ ಬ್ಯಾಟರಿ ಬೇಡ.

ಲ್ಯಾಬಿನ ವರದಿ ಈಗ ಡಾಕ್ಟರಿಗಿಂತ ಮೊದಲು ರೋಗಿಯ ಮೇಲಿಗೇ ಬಂದು ಬೀಳುತ್ತದೆ. ದಪ್ಪ ಅಕ್ಷರದಲ್ಲಿ ಅಚ್ಚಾದ ಅಂಕಿಯನ್ನು ನೋಡಿದವರಿಗೆ ಆ ರಾತ್ರಿ ನಿದ್ದೆಯಿಲ್ಲ. ಸೋಡಿಯಂ 135ರಿಂದ 145ರ ಒಳಗಿರಬೇಕು, ನಮ್ಮ ಯಜಮಾನರೊಬ್ಬರದು 134. ಆ ಒಂದು ಅಂಕಿಗಾಗಿ ಅವರು ಡಾಕ್ಟರಿಗೆ ಮೇಲಿನ ಮೇಲೆ ಮೇಲ್ ಹಾಕಿದರು. ಉತ್ತರ ಬಂತು: ‘ಪರವಾಗಿಲ್ಲ.’ ಇಷ್ಟೇ. ಈ ‘ಪರವಾಗಿಲ್ಲ’ದ ಮೇಲೆ ಮನೆಯಲ್ಲಿ ಚರ್ಚೆ ನಡೆಯಿತು. ಪೂರ್ಣವಿರಾಮ ಹಾಕಿದ್ದಾರೆ, ಬೇಜಾರಾಗಿರಬೇಕು ಎಂದು ಹೆಂಡತಿ. ಪರವಾಗಿಲ್ಲ ಎಂದರೆ ನಾರ್ಮಲ್ ಎಂದೇನೂ ಅಲ್ಲವಲ್ಲ ಎಂದು ಯಜಮಾನರು. ಎದುರಿಗೆ ಕೂತು ಹೇಳಿದ್ದರೆ ಆ ಮಾತಿನ ಜೊತೆಗೊಂದು ನಗು, ಹೆಗಲ ಮೇಲೊಂದು ಕೈ ಇರುತ್ತಿತ್ತು. ಮೇಲಿನಲ್ಲಿ ಬಂದದ್ದು ಮಾತು ಮಾತ್ರ.

ಡಾಕ್ಟರುಗಳು ಗಿಡ್ಡ ಬರೆಯುತ್ತಾರೆ ಎಂಬುದಕ್ಕೆ ಲೆಕ್ಕವೂ ಸಿಕ್ಕಿದೆ. 2023ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನದಲ್ಲಿ ಜನ ಬರೆದು ಕೇಳಿದ್ದ 195 ಪ್ರಶ್ನೆಗಳಿಗೆ ವೈದ್ಯರು ಕೊಟ್ಟ ಉತ್ತರವನ್ನೂ ಚಾಟ್‌ಜಿಪಿಟಿ ಕೊಟ್ಟ ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ವೈದ್ಯರದು ಸರಾಸರಿ 52 ಪದ, ಯಂತ್ರದ್ದು 211. ಯಾವುದು ಯಾರದೆಂದು ತಿಳಿಯದೆ ತೂಗಿದ ಪರಿಣತರು ನೂರಕ್ಕೆ 78ಕ್ಕೂ ಹೆಚ್ಚು ಬಾರಿ ಯಂತ್ರದ ಉತ್ತರವೇ ಚೆನ್ನಾಗಿದೆ, ಅನುಕಂಪವೂ ಅದರಲ್ಲೇ ಜಾಸ್ತಿ ಎಂದರು. ನಮ್ಮ ಡಾಕ್ಟರಿಗೆ ಇದನ್ನು ಓದಿ ಹೇಳಿದೆ. ‘ಅದಕ್ಕೆ ಹೊರಗೆ ಟೋಕನ್ ಹಿಡಿದು ಯಾರೂ ಕೂತಿಲ್ಲವಲ್ಲ’ ಎಂದರು. ಆರೇ ಪದ.

ಅಮೆರಿಕದ ಹೆಸರಾಂತ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 2022ರ ನವೆಂಬರಿನಿಂದ ರೋಗಿಗಳ ಕೆಲವು ಸಂದೇಶಗಳಿಗೆ ಉತ್ತರಿಸಲು 50 ಡಾಲರ್‌ವರೆಗೂ ಶುಲ್ಕ ಹಾಕಲು ಶುರುಮಾಡಿತು. ನನ್ನ ಕೇಳಿದರೆ ಅದು ನ್ಯಾಯವೇ. ರಾತ್ರಿ ಹತ್ತರ ಮೇಲೆ ಕೂತು ನಮ್ಮ ಉಗುರಿನ ಚರಿತ್ರೆ ಓದುವವರಿಗೆ ಏನಾದರೂ ಸಲ್ಲಬೇಡವೇ? ನಮ್ಮಲ್ಲಿ ಅದು ತೋಟದ ಬಾಳೆಗೊನೆಯ ರೂಪದಲ್ಲಿ ಸಂದಾಯವಾಗುತ್ತದೆ. ಅದನ್ನು ಕೊಡಲು ಬಂದವರು ‘ಹೇಗೂ ಬಂದಿದ್ದೀನಿ’ ಎಂದು ಸ್ಟೂಲಿನ ಮೇಲೆ ಕೂರುತ್ತಾರೆ ಎಂಬುದು ಬೇರೆ ಮಾತು.

ಈ ಬರವಣಿಗೆಗೆಲ್ಲ ನಮ್ಮ ದೇಶದಲ್ಲಿ ಕಾಯಿದೆಯ ಮುದ್ರೆ ಬಿದ್ದದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನ್ ಶುರುವಾದ ದಿನವೇ. ಆ ದಿನದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ವಿಡಿಯೊ, ಫೋನಿನ ಜೊತೆಗೆ ಇ-ಮೇಲ್, ವಾಟ್ಸಾಪ್, ಫ್ಯಾಕ್ಸುಗಳಿಗೂ ಜಾಗವಿದೆ. ರೋಗಿಯೇ ಮೊದಲು ಸಂಪರ್ಕಿಸಿದರೆ ಅವನ ಒಪ್ಪಿಗೆ ಇದೆ ಎಂದೇ ಲೆಕ್ಕ. ಮುಖಾಮುಖಿ ನೋಡಿದ ಆರು ತಿಂಗಳೊಳಗೆ ಅದೇ ತೊಂದರೆಗೆ ಬರೆದರೆ ಅದು ಫಾಲೋ-ಅಪ್. ಮೈಮುಟ್ಟಿ ನೋಡಲೇಬೇಕು ಅನ್ನಿಸಿದರೆ ಡಾಕ್ಟರು ‘ಬನ್ನಿ’ ಎನ್ನಬೇಕು. ಅಂತೂ ವಾರಪತ್ರಿಕೆಯ ಆ ಹಳೆಯ ಕೊನೆಯ ಸಾಲು ಸರ್ಕಾರಿ ನಿಯಮವೂ ಆಯಿತು.

ಇ-ಮೇಲಿನಿಂದಲೇ ಜೀವ ಉಳಿದ ಕಥೆಯೂ ಇದೆ, ಅದನ್ನು ಹೇಳದಿದ್ದರೆ ತಪ್ಪಾದೀತು. 1999ರಲ್ಲಿ ದಕ್ಷಿಣ ಧ್ರುವದ ಅಮಂಡ್ಸನ್-ಸ್ಕಾಟ್ ಕೇಂದ್ರದಲ್ಲಿ ಚಳಿಗಾಲ ಕಳೆಯುತ್ತಿದ್ದ ಜೆರಿ ನೀಲ್ಸನ್ ಎಂಬ ವೈದ್ಯೆಗೆ ತನ್ನ ಸ್ತನದಲ್ಲೇ ಗಂಟು ಕೈಗೆ ಸಿಕ್ಕಿತು. ಅಲ್ಲಿದ್ದ ಏಕೈಕ ಡಾಕ್ಟರು ಆಕೆಯೇ. ಆ ಕತ್ತಲೆಯ ತಿಂಗಳುಗಳಲ್ಲಿ ವಿಮಾನ ಇಳಿಯುವಂತಿಲ್ಲ. ಅಮೆರಿಕದ ಕ್ಯಾನ್ಸರ್ ತಜ್ಞೆಯೊಬ್ಬರ ಜೊತೆ ಇ-ಮೇಲಿನಲ್ಲಿ ಮಾತಾಡುತ್ತ, ವೈದ್ಯಕೀಯ ಗೊತ್ತಿಲ್ಲದ ಸಹೋದ್ಯೋಗಿಗಳಿಗೆ ಹಸಿ ಕೋಳಿಯ ಮೇಲೆ ಸೂಜಿ ಚುಚ್ಚಿಸಿ ಅಭ್ಯಾಸ ಮಾಡಿಸಿ, ಅವರ ನೆರವಿನಿಂದ ತಾನೇ ತನ್ನ ಬಯಾಪ್ಸಿ ಮಾಡಿಕೊಂಡರು. ಜುಲೈಯಲ್ಲಿ ಸೇನಾ ವಿಮಾನವೊಂದು ಇಳಿಯದೆ ಔಷಧಿಯ ಪೆಟ್ಟಿಗೆಗಳನ್ನು ಮೇಲಿನಿಂದಲೇ ಎಸೆದು ಹೋಯಿತು. ಕೀಮೋಥೆರಪಿಯೂ ಅಲ್ಲೇ ನಡೆಯಿತು. ಅಕ್ಟೋಬರಿನಲ್ಲಿ ಅವರನ್ನು ಕರೆತಂದರು. ಆಮೇಲೆ ಸುಮಾರು ಹತ್ತು ವರ್ಷ ಬದುಕಿದ್ದರು. ಎರಡೂ ತುದಿಯಲ್ಲಿ ಡಾಕ್ಟರೇ ಇದ್ದದ್ದರಿಂದ ಆ ಪತ್ರಗಳಲ್ಲಿ ದಾಕ್ಷಿಣ್ಯಕ್ಕೆ ಜಾಗವಿರಲಿಲ್ಲ, ಮುಖ್ಯ ಸಂಗತಿ ವಿ.ಸೂ.ಗೆ ಜಾರಿರಲಾರದು.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಬೇರೆ ಜಾತಿಯವರು. ಒಂದು ರಾತ್ರಿ ಎರಡು ಗಂಟೆಗೆ ಅವರಿಗೆ ಎದೆ ಬಿಗಿದು ಬೆವರು ಕಿತ್ತುಕೊಂಡಿತು. ಡಾಕ್ಟರ ಮನೆ ಎರಡು ತಿರುವಿನ ಆಚೆ, ಫೋನು ದಿಂಬಿನ ಪಕ್ಕದಲ್ಲೇ. ನಿದ್ದೆ ಕೆಡಿಸಬಾರದೆಂದು ಮೇಷ್ಟ್ರು ಎದ್ದು ಕೂತು ಮೇಲ್ ಬರೆದರು. ‘ಪೂಜ್ಯ ಡಾಕ್ಟರಿಗೆ ನಮಸ್ಕಾರಗಳು. ಎದೆಯಲ್ಲಿ ಸ್ವಲ್ಪ ಅಸೌಖ್ಯ. ಅವಸರವೇನಿಲ್ಲ, ಬಿಡುವಾದಾಗ ನೋಡಿ.’ ಕಾಗುಣಿತ ಒಂದೂ ತಪ್ಪಿರಲಿಲ್ಲವಂತೆ. ಬೆಳಿಗ್ಗೆ ವಾಕಿಂಗಿಗೆ ಹೊರಟ ಡಾಕ್ಟರು ಷೂ ಕಟ್ಟುತ್ತ ಮೊಬೈಲ್ ನೋಡಿ, ಒಂದು ಷೂ ಕಟ್ಟಿದ ಹಾಗೆಯೇ ಓಡಿದರು. ಮೇಷ್ಟ್ರು ಮುಖ ತೊಳೆದು, ಇಸ್ತ್ರಿ ಮಾಡಿದ ಷರ್ಟು ತೊಟ್ಟು ವರಾಂಡದಲ್ಲಿ ಕೂತಿದ್ದರು. ಆಸ್ಪತ್ರೆಗೆ ಸೇರಿಸಿ ಸ್ಟೆಂಟ್ ಹಾಕಿಸಿದ್ದಾಯಿತು. ‘ಫೋನ್ ಮಾಡಬಾರದಿತ್ತೇನ್ರೀ ಮೇಷ್ಟ್ರೇ?’ ಎಂದು ಡಾಕ್ಟರು ರೇಗಿದರೆ, ‘ಅಯ್ಯೋ, ಎಷ್ಟೊತ್ತಿಗೆ ಮಲಗಿದ್ರೋ ಏನೋ ಅಂತ’ ಎಂದರು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ. ಹೆಬ್ಬೆರಳಿಗೆ, ಸೋಡಿಯಮ್ಮಿಗೆ, ಎದುರಿಗೆ ಹೇಳಲು ನಾಚಿಕೆಯಾಗುವ ಏನೇ ಇದ್ದರೂ ಅದಕ್ಕೆ ಧಾರಾಳವಾಗಿ ಮೇಲ್ ಬರೆಯಿರಿ, ವಿ.ಸೂ.ಯನ್ನು ಮೊದಲ ಸಾಲಿಗೆ ತನ್ನಿ. ಎದೆ ಬಿಗಿದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ ಮಾತ್ರ ಬರೆಯಲು ಕೂರಬೇಡಿ. ಕರ್ನಾಟಕದಲ್ಲಿ 108ರ ಆಂಬುಲೆನ್ಸು 2008ರಿಂದ ಇದೆ, ಕರೆಗೆ ದುಡ್ಡಿಲ್ಲ, ಆ ಕಡೆ ಫೋನ್ ಎತ್ತುವವರು ರಾತ್ರಿ ಎದ್ದಿರುವುದಕ್ಕೆಂದೇ ಸಂಬಳ ಪಡೆಯುವವರು.