ಮೊಸಳೆ ತೇಲುತ್ತದೆ, ಪಾಠ ಮುಳುಗುತ್ತದೆ

ಭೌತಶಾಸ್ತ್ರದ ಪಾಠ ಆಕರ್ಷಕವಾಗಿರಬೇಕಂತೆ. ತರಬೇತಿ ಕೊಡಲು ಬಂದವರೆಲ್ಲ ಹೇಳುವುದು ಇದನ್ನೇ. ಸ್ಲೈಡ್ ಓದುತ್ತಾ ಹೇಳುತ್ತಾರೆ. ಕೇಳುವವರು ಆಕಳಿಸುತ್ತಾರೆ. ಆಮೇಲೆ ಸಹಿ, ಚಹಾ, ಬಸ್ಸು.

ಕಾಸರಗೋಡಿನ ಅನಂತಪುರದಲ್ಲಿ ಕೂತು ಈ ಉಪದೇಶ ಕೇಳುವುದು ಇನ್ನೂ ಕಷ್ಟ. ಮುರಕಲ್ಲಿನ ಬೋಳುಗುಡ್ಡೆ, ಅದರ ಮೇಲೆ ಕೆರೆ, ಕೆರೆಯ ನಡುವೆ ಗುಡಿ. ಈ ಕಲ್ಲು ನೀರನ್ನು ಎಲ್ಲಿ ಬಚ್ಚಿಟ್ಟುಕೊಳ್ಳುತ್ತದೆ? ಬಬಿಯಾ ಎಂಬ ಮೊಸಳೆ ಕಣ್ಣು ಮೂಗು ಮಾತ್ರ ಹೊರಗಿಟ್ಟು ಅಲ್ಲಾಡದೆ ತೇಲುತ್ತಿದ್ದುದು ಹೇಗೆ? ಆರ್ಕಿಮಿಡೀಸನಿಗೆ ಸಿಕ್ಕಿದ್ದು ಒಂದು ಸ್ನಾನದ ತೊಟ್ಟಿ. ನಮಗೆ ಕೆರೆಯೂ ಸಿಕ್ಕಿತು, ಮೊಸಳೆಯೂ ಸಿಕ್ಕಿತು.

2022ರ ಅಕ್ಟೋಬರಿನಲ್ಲಿ ಬಬಿಯಾ ಸತ್ತಾಗ ಕ್ಯಾಮರಾಗಳು ಬಂದವು, ರಾಜಕಾರಣಿಗಳು ಬಂದರು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿತು, ಮತ್ತೆ ಸುದ್ದಿ. ಅದು ಸಸ್ಯಾಹಾರಿಯೋ ಅಲ್ಲವೋ ಎಂದು ಊರೆಲ್ಲ ಚರ್ಚೆ. ಶ್ವಾಸಕೋಶದ ಗಾಳಿ ಹೆಚ್ಚುಕಮ್ಮಿ ಮಾಡಿ ಅದು ಏಳುವುದು, ಮುಳುಗುವುದು ಯಾರಿಗೂ ಬೇಡ. ಪವಾಡ ಬೇಕು. ಪ್ಲವನತೆ ಬೇಡ.

ಎಣ್ಮಕಜೆ, ಬಾಯಾರಿನ ಕಡೆ ಹೋದರೆ ಸುರಂಗಗಳು. ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಬಾವಿಗಳು. ಪಂಪಿಲ್ಲ, ಕರೆಂಟಿಲ್ಲ. ಇಳಿಜಾರು, ಗುರುತ್ವ, ಅಷ್ಟೇ. ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆಯಂತೂ ಪಕ್ಕದಲ್ಲೇ ಇದೆ. ಚರ್ಮವಾದ್ಯದ ನಡುವಿನ ಕಪ್ಪು ಕರಣೆ ನಾದವನ್ನು ಹೇಗೆ ಸರಿದೂಗಿಸುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲೇ ಬರೆದರು. ಅಂಥ ಕರಣೆಯ ಯಕ್ಷಗಾನದ ಮದ್ದಳೆ ನಮ್ಮ ಶಾಲೆಗೆ ಬರುವುದು ವಾರ್ಷಿಕೋತ್ಸವಕ್ಕೆ ಮಾತ್ರ.

ಮಾಷ್ಟ್ರು ಬರೆಯುವ ಟೀಚಿಂಗ್ ಮ್ಯಾನುವಲಿನಲ್ಲಿ ಇದಕ್ಕೆಲ್ಲ ಕಾಲಂ ಎಲ್ಲಿದೆ? ಅದನ್ನು ಬರೆಯುವುದು ಮಕ್ಕಳಿಗಾಗಿ ಅಲ್ಲ, ತಪಾಸಣೆಗೆ ಬರುವವರಿಗಾಗಿ. ಅವರೂ ಓದುವುದಿಲ್ಲ. ಸಹಿ ಹಾಕುತ್ತಾರೆ.

2018ರಲ್ಲಿ ಕೇರಳ 45,000 ಹೈಟೆಕ್ ತರಗತಿಗಳ ಯೋಜನೆ ತಂದಿತು. ಒಳ್ಳೆಯದೇ. ಈಗ ಪರದೆಯ ಮೇಲೆ ಲೋಲಕ ತೂಗುತ್ತದೆ. ಒಂದು ನೂಲು, ಒಂದು ಕಲ್ಲು ಸಾಕಿತ್ತು.

ಇಷ್ಟಾದ ಮೇಲೆ ಮಾಷ್ಟ್ರು. ಕಾಸರಗೋಡಿನ ಕನ್ನಡ ಮಾಧ್ಯಮದ ಹುದ್ದೆಗೆ ಪಿ.ಎಸ್.ಸಿ. ಕನ್ನಡ ಬಾರದವರನ್ನು ಕಳಿಸಿದ್ದು ಒಂದು ಸಲವಲ್ಲ. ಜಡತ್ವ ಎಂದರೇನು ಎಂದು ಮಗು ಕನ್ನಡದಲ್ಲಿ ಕೇಳಬೇಕು, ಉತ್ತರ ಮಲಯಾಳದಲ್ಲಿ ಬರಬೇಕು. ಮಕ್ಕಳು ಪುಸ್ತಕ ಬಿಟ್ಟು ಪ್ರತಿಭಟನೆಗೆ ಕೂತರು. ತರಗತಿಯಲ್ಲಿ ವಿದ್ಯಾರ್ಥಿಗಳು ಸಕ್ರಿಯವಾಗಿ ಭಾಗವಹಿಸಬೇಕು ಎಂದು ತರಬೇತಿಯಲ್ಲಿ ಹೇಳಿದವರು ನೀವೇ. ಭಾಗವಹಿಸಿದರಲ್ಲ!

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯಿನುಡಿಯ ಶಿಕ್ಷಣದ ಮಾತಾಡುತ್ತದೆ. ಅದು ಬಂದದ್ದು 1956ರಲ್ಲಿ, ನಾವು ಕೇರಳಕ್ಕೆ ಸೇರಿದ ವರ್ಷದಲ್ಲೇ. ಆದರೆ ಅದರ ಮಾತು ಪ್ರಾಥಮಿಕ ಹಂತಕ್ಕೇ ಮುಗಿಯುತ್ತದೆ. ಭೌತಶಾಸ್ತ್ರದ ಪುಸ್ತಕ ಕೈಗೆ ಬರುವ ಹೊತ್ತಿಗೆ ಸಂವಿಧಾನವೂ ಕೈಬಿಟ್ಟಿರುತ್ತದೆ.

ನಮ್ಮವರೇನು ಕಮ್ಮಿಯೇ? ನವೆಂಬರ್ ಒಂದಕ್ಕೆ ಗಡಿನಾಡಿನ ಕಣ್ಣೀರು, ಜೂನ್ ಒಂದಕ್ಕೆ ಇಂಗ್ಲಿಷ್ ಮೀಡಿಯಂ ಬಸ್ಸು. ಮೈಕು ಹಿಡಿದ ಎಷ್ಟು ಜನರ ಮಕ್ಕಳು ಕನ್ನಡದಲ್ಲಿ ಓಮನ ನಿಯಮ ಓದುತ್ತಿದ್ದಾರೆ? ಕೇಳಿ ನೋಡಿ. ವಿಷಯ ಬದಲಿಸುತ್ತಾರೆ.

ಆದರೂ ಫಲಿತಾಂಶ ಅಮೋಘ. 2024ರ ಎಸ್.ಎಸ್.ಎಲ್.ಸಿ.ಯಲ್ಲಿ ಕೇರಳ ಶೇಕಡಾ 99.69 ಪಾಸು. ಊರೂರಿಗೆ ಎ ಪ್ಲಸ್ ಫ್ಲೆಕ್ಸು. ಅದೇ ಆಗಸ್ಟಿನಲ್ಲಿ ಅದೇ ಸರಕಾರ ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ ಶೇಕಡಾ 30 ಅಂಕ ಬೇಕೆಂದು ತೀರ್ಮಾನಿಸಿತು. ಎಂಟನೆಯ ತರಗತಿಯಿಂದ ಶುರು, ಹಂತಹಂತವಾಗಿ ಹತ್ತಕ್ಕೆ. ಎಲ್ಲರೂ ಅಷ್ಟು ಚೆನ್ನಾಗಿ ಕಲಿತಿದ್ದರೆ ಈ ಬೇಲಿ ಯಾರಿಗಾಗಿ?

ಹತ್ತರಲ್ಲಿ ಭೌತಶಾಸ್ತ್ರದ ಲಿಖಿತ ಪತ್ರಿಕೆಗೆ 40 ಅಂಕ. 12 ಬೇಕು. ಅಷ್ಟು ಬಾರದಿದ್ದರೆ ಜವಾಬು ಹೇಳಬೇಕಾದದ್ದು ಮಗು. ಕನ್ನಡ ತರಗತಿಗೆ ಕನ್ನಡ ಬಾರದ ಮಾಷ್ಟ್ರನ್ನು ಕಳಿಸಿದವರಿಗೆ ಲಿಖಿತವೂ ಇಲ್ಲ, ಮೌಖಿಕವೂ ಇಲ್ಲ.